ರಾಣಿಗೆ ಯಾರೂ ಏನೂ ತಿನ್ನಿಸಿಲ್ಲ

ಈ ಮೊದಲ ಸಾಲು ಬರೆಯಲು ಕೂತದ್ದು ಇದು ಐದನೇ ಸಲ. ಮೊದಲ ಸಲ ಮಗಳಿಗೆ ನೀರು ಬೇಕಾಯಿತು. ಎರಡನೇ ಸಲ ಅದೇ ನೀರು ಹೊರಗೆ ಹೋಗಬೇಕಾಯಿತು. ಮೂರನೇ ಸಲ ನಮ್ಮನೆಯವರು ತಮ್ಮ ಹೆಗಲ ಮೇಲಿದ್ದ ಟವೆಲ್ಲನ್ನು ಮನೆಯೆಲ್ಲಾ ಹುಡುಕಿದರು. ನಾಲ್ಕನೇ ಸಲ ಮಗಳು ಮತ್ತೆ ಬಂದು, "ಅಮ್ಮ, ಏನು ಬರೀತಿದ್ದೀಯ?" ಅಂದಳು. "ರಾಣಿ ವಿಷಯ" ಅಂದೆ. "ಹಾಗಾದ್ರೆ ಆವತ್ತು ಬಸ್ಸಲ್ಲಿ ನಾನು ಕೇಳಿದ್ನಲ್ಲ, ಅದರ ಆನ್ಸರೂ ಬರೀತೀಯಾ?" ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋಗಿ ಪಾತ್ರೆ ತೊಳೆದೆ.

ನನಗೆ ಇಂಥವು ಆಗುತ್ತಲೇ ಇರುತ್ತವೆ. ಅಕ್ಕಪಕ್ಕದ ಮನೆಯ ಹೆಂಗಸರಿಗೆ ಆಗುವುದಿಲ್ಲ, ನನಗೇ ಆಗುತ್ತವೆ. ಆದರೆ ರಾಣಿ ಬಂದ ಒಂದು ವರ್ಷದಲ್ಲಿ ಆದಷ್ಟು ಎಂದೂ ಆಗಿಲ್ಲ.

ರಾಣಿ ಅಂದರೆ ಕುದುರೆ. ನಾವಿರುವುದು ಲಂಡನ್ನಿನ ಎಜ್‌ವೇರ್‌ನಲ್ಲಿ, ಟ್ಯೂಬ್ ರೈಲು ಸುಸ್ತಾಗಿ ನಿಲ್ಲುವ ಜಾಗದಲ್ಲಿ. ನಮ್ಮದು ಮೇಲಿನ ಫ್ಲಾಟು. ಕೆಳಗಿನ ಮನೆಯಲ್ಲಿ ಒಬ್ಬರು ಇಂಗ್ಲಿಷ್ ಅಜ್ಜಿ. ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವರ ಗಂಡ ತೀರಿಕೊಂಡರು. ಆರು ತಿಂಗಳು ಅಜ್ಜಿ ಪರದೆಯನ್ನೇ ಸರಿಸಲಿಲ್ಲ. ಆಮೇಲೊಂದು ದಿನ ಹೊರಗೆ ಬಂದು, "ನಾನೊಂದು ಕುದುರೆ ದತ್ತು ತಗೊಂಡೆ, ಡಿಯರ್" ಅಂದರು. ಸಂತೆಯಲ್ಲಿ ಮಾಂಸದ ಲಾರಿಗೆ ಹತ್ತಿಸುವವರಿದ್ದರಂತೆ. ಕುದುರೆ ಕಾಪಾಡುವ ಸಂಸ್ಥೆಯೊಂದು ಅದನ್ನು ಬಿಡಿಸಿ ತಂದು, ಇವರ ಕೈಗೆ ಕೊಟ್ಟಿತ್ತು. ಎರಡು ಸ್ಟಾಪ್ ಬಸ್ಸು ಹತ್ತಿದರೆ ಹೊಲ, ಅಲ್ಲೊಂದು ಬಾಡಿಗೆ ಲಾಯ.

ಅಜ್ಜಿಗೆ ಮಂಡಿನೋವು, ಬಕೆಟ್ಟು ಎತ್ತಲಾಗುತ್ತಿರಲಿಲ್ಲ. ನಮ್ಮಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು ಅಂತ ನಾನು ಯಾವತ್ತೋ ಬಾಯಿ ಬಿಟ್ಟಿದ್ದೆ. ಹೀಗಾಗಿ ಎಸ್ಸೆಸ್ಸೆಲ್ಸಿ ಪಾಸಾದ ನಾನು ಲಂಡನ್ನಿಗೆ ಬಂದು ದಿನಾ ಬೆಳಿಗ್ಗೆ ಲದ್ದಿ ಎತ್ತತೊಡಗಿದೆ. ನಮ್ಮಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಅಜ್ಜಿ ಕುದುರೆಯನ್ನು ಡಚೆಸ್ ಅನ್ನುತ್ತಿದ್ದರು, ನಾನು ನಮ್ಮಪ್ಪನ ಕುದುರೆಯ ಹೆಸರಿಟ್ಟು ರಾಣಿ ಅನ್ನುತ್ತಿದ್ದೆ. ಅದು ಎರಡಕ್ಕೂ ತಿರುಗಿ ನೋಡುತ್ತಿರಲಿಲ್ಲ. ಬಕೆಟ್ಟಿನ ಸದ್ದಿಗೆ ಮಾತ್ರ ಬರುತ್ತಿತ್ತು.

ಹುರುಳಿ

ಬಂದಾಗ ರಾಣಿ ಕುದುರೆಯಾಗಿರಲಿಲ್ಲ, ಕುದುರೆ ಚರ್ಮ ಹೊದಿಸಿದ ಏಣಿಯಾಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಹೇನು, ಹೊಟ್ಟೆಹುಳ, ಚಪ್ಪಲಿಯ ಹಾಗೆ ಮುಂದಕ್ಕೆ ಬೆಳೆದ ಗೊರಸು. ಕುದುರೆ ಡಾಕ್ಟರು ಬಂದು ನೋಡಿ, "ಸ್ವಲ್ಪ ಒಣಹುಲ್ಲು, ಗಂಟೆಗಂಟೆಗೆ ಒಂದೊಂದು ಹಿಡಿ. ಬೇರೆ ಏನೂ ಬೇಡ" ಅಂದರು.

ಒಂದು ಹಿಡಿ ಹುಲ್ಲು! ಬಾಣಂತಿಗೆ ಬರೀ ಬಿಸಿನೀರು ಕೊಟ್ಟ ಹಾಗೆ. ನಮ್ಮಪ್ಪ ಬಡಕಲಾದ ಕುದುರೆಗೆ ಏನು ಹಾಕುತ್ತಿದ್ದರು ಅಂತ ನನಗೆ ಗೊತ್ತಿಲ್ಲವೇ? ಗುಜರಾತಿ ಅಂಗಡಿಗೆ ಹೋಗಿ ಐದು ಕಿಲೋ ಹುರುಳಿಕಾಳು ತಂದೆ, ಬೇಯಿಸಿದೆ, ಡಬ್ಬಿಗೆ ತುಂಬಿಕೊಂಡು ಹೋದೆ. ಮುಚ್ಚಳ ತೆಗೆಯುವಷ್ಟರಲ್ಲಿ ಡಾಕ್ಟರು ಹಿಂದೆ ನಿಂತಿದ್ದರು.

"ಇದೇನು?"

"ಹುರುಳಿ. ಶಕ್ತಿ ಬರುತ್ತೆ."

"ಇದನ್ನು ಕೊಟ್ಟರೆ ಇದು ನಾಳೆ ಸಾಯುತ್ತೆ. ತಿಂಗಳುಗಟ್ಟಲೆ ಉಪವಾಸ ಇದ್ದ ಹೊಟ್ಟೆ ಇದು. ಒಮ್ಮೆಲೇ ತುಂಬಿದರೆ ತಡೆಯಲ್ಲ."

ಡಬ್ಬಿ ಮುಚ್ಚಿ ವಾಪಸ್ ತಂದೆ. ಐದು ಕಿಲೋ ಹುರುಳಿಯಲ್ಲಿ ವಾರಪೂರ್ತಿ ಬಸ್ಸಾರು, ಹುರುಳಿ ಪಲ್ಯ, ಹುರುಳಿ ಚಟ್ನಿ. ಆರನೇ ದಿನ ನಮ್ಮನೆಯವರು ತಟ್ಟೆ ನೋಡಿ, "ಅಲ್ಲ ಕಣೇ, ಡಾಕ್ಟರು ಕುದುರೆಗೇ ಬೇಡ ಅಂದಿದ್ದನ್ನ ನನಗೆ ಹಾಕ್ತಿದ್ದೀಯಲ್ಲಾ?" ಅಂದರು.

"ನಿಮ್ಮನ್ನ ಚೆಕ್ ಮಾಡೋಕೆ ಯಾರೂ ಬರಲ್ಲವಲ್ಲ, ತಿನ್ನಿ" ಅಂದೆ.

ಆಯುಧಪೂಜೆ

ಎರಡು ತಿಂಗಳಲ್ಲಿ ಏಣಿಗೆ ಸ್ವಲ್ಪ ಮಾಂಸ ಬಂತು. ಆಯುಧಪೂಜೆಯೂ ಬಂತು. ಆ ದಿನ ಮೈಸೂರಿನಲ್ಲಿ ಕುದುರೆಗೆ ಪೂಜೆ ಮಾಡದ ಜಟಕಾದವರು ಯಾರಿದ್ದಾರೆ? ಬೆಳಿಗ್ಗೆ ಬೇಗ ಹೋಗಿ ರಾಣಿಯ ಮೈ ಉಜ್ಜಿ, ಗೊರಸಿಗೆ ಅರಿಶಿನ ಬಳಿದು, ಹಣೆಯ ಬಿಳಿ ಪಟ್ಟೆಯ ಮೇಲೆ ಕುಂಕುಮ ಕಲಸಿ ಅಗಲವಾಗಿ ಇಟ್ಟೆ. ಊದುಬತ್ತಿ ಮಾತ್ರ ಹಚ್ಚಲಿಲ್ಲ, ಸುತ್ತ ಹುಲ್ಲಿತ್ತು. ಅಷ್ಟು ಬುದ್ಧಿ ನನಗೂ ಇದೆ. ಕೈಮುಗಿದು, ಅದನ್ನು ಬಯಲಿಗೆ ಬಿಟ್ಟು, ಮಗಳನ್ನು ನರ್ಸರಿಗೆ ಬಿಡಲು ಹೋದೆ.

ಲಂಡನ್ನಿನ ತುಂತುರು ಮಳೆ ನನಗಾಗಿಯೇ ಕಾದಿತ್ತು. ಅಜ್ಜಿ ಹೊಲಕ್ಕೆ ಬಂದಾಗ ರಾಣಿಯ ಹಣೆಯಿಂದ ಮೂಗಿನವರೆಗೆ ಕೆಂಪು ಇಳಿಯುತ್ತಿತ್ತು. ಅಜ್ಜಿ ಕಿರುಚಿದ್ದು ಹೈರೋಡಿಗೆ ಕೇಳಿಸಿತಂತೆ. ಲಾಯದವರ ಫೋನಿನಿಂದ ಡಾಕ್ಟರಿಗೆ ಕರೆ ಹೋಯಿತು: ತಲೆಗೆ ಏಟು, ವಿಪರೀತ ರಕ್ತ, ಕಾಲೆಲ್ಲಾ ಹಳದಿಯಾಗಿ ಕೊಳೆತಿದೆ.

ನಾನು ವಾಪಸ್ ಬರುವ ಹೊತ್ತಿಗೆ ಡಾಕ್ಟರು ಹತ್ತಿಯಲ್ಲಿ ಒರೆಸಿ, ಮೂಸಿ, ಇನ್ನೊಂದು ಹತ್ತಿಯಲ್ಲಿ ಒರೆಸಿ ಯೋಚಿಸುತ್ತಿದ್ದರು. ಅವರೂ ನನ್ನ ಹಾಗೆ ಮಳೆಯಲ್ಲಿ ನೆಂದಿದ್ದರು. ನಿಧಾನವಾಗಿ ತಲೆಯೆತ್ತಿ ನನ್ನ ಹಣೆ ನೋಡಿದರು. ಕುದುರೆಯ ಹಣೆ ನೋಡಿದರು. ಆಮೇಲೆ ಅಜ್ಜಿಗೆ ಹೇಳಿದರು:

"ಗಾಬರಿಯಾಗಬೇಡಿ. ಇಬ್ಬರಿಗೂ ಒಂದೇ ಜಾಗದಲ್ಲಿ ಏಟು ಬಿದ್ದಿದೆ, ಇಬ್ಬರೂ ಬದುಕುತ್ತಾರೆ."

ಎರಡು ತೂಕ

ಚಳಿಗಾಲ ಕಳೆಯುವಷ್ಟರಲ್ಲಿ ಹೊಸ ತೊಂದರೆ. ರಾಣಿ ದುಂಡಗಾಗತೊಡಗಿತು. ಮೊದಮೊದಲು ಎಲ್ಲರೂ ಖುಷಿಪಟ್ಟೆವು. ಆಮೇಲೆ ಡಾಕ್ಟರು ಟೈಲರಿನ ಹಾಗೆ ಟೇಪು ತಂದು ಅದರ ಹೊಟ್ಟೆ ಸುತ್ತ ಹಿಡಿದು, ಮುಖ ಸಿಂಡರಿಸಿದರು.

"ಯಾರು ತಿನ್ನಿಸ್ತಿದ್ದೀರ?"

"ಹುಲ್ಲು ಬಿಟ್ಟು ಏನೂ ಇಲ್ಲ" ಅಂತ ಅಜ್ಜಿ ಎದೆ ಮೇಲೆ ಕೈಯಿಟ್ಟು ಹೇಳಿದರು. ನಾನು ದೇವರ ಮೇಲೆ ಆಣೆಯಿಟ್ಟೆ. ಯಾವ ದೇವರು ಅಂತ ಹೇಳಲಿಲ್ಲ.

ಡಾಕ್ಟರು ನಗಲಿಲ್ಲ. "ಕೊಬ್ಬಿದ ಕುದುರೆಗೆ ಮೊದಲು ಹೋಗೋದು ಕಾಲು. ಗೊರಸಿನ ಒಳಗೆ ಉರಿ ಶುರುವಾದರೆ ನಿಲ್ಲೋಕೂ ಆಗಲ್ಲ. ಏಪ್ರಿಲ್‌ನಲ್ಲಿ ಸಂಸ್ಥೆಯವರು ನೋಡೋಕೆ ಬರ್ತಾರೆ. ಹೀಗೇ ಇದ್ದರೆ ವಾಪಸ್ ಕರ್ಕೊಂಡು ಹೋಗ್ತಾರೆ" ಅಂದರು.

ಅಜ್ಜಿ ರಾಣಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತೇ ಇದ್ದರು. ಮುಚ್ಚಿದ ಆ ಪರದೆ ನನಗೆ ನೆನಪಾಯಿತು. ಮರುದಿನವೇ ಅವರು ಲಾಯದ ಬಾಗಿಲಿಗೆ ಬೋರ್ಡು ಹಾಕಿದರು: ಇದಕ್ಕೆ ಏನೂ ತಿನ್ನಿಸಬೇಡಿ.

ಅದೇ ವಾರ ಜಿಪಿ ಹತ್ತಿರ, ಅಂದರೆ ಮನುಷ್ಯರ ಡಾಕ್ಟರ ಹತ್ತಿರ, ಮಗಳ ತೂಕ ನೋಡಿದರು. ಅಲ್ಲಿ ಮಕ್ಕಳ ಬೆಳವಣಿಗೆ ನೋಡುವ ಹೆಲ್ತ್ ವಿಸಿಟರ್ ಹೆಂಗಸು ಚಾರ್ಟಿನ ಮೇಲೆ ಪೆನ್ನು ಓಡಿಸಿ, "ಗೆರೆ ಕೆಳಗೆ ಬಂದಿದೆ. ಮಗು ಏನು ತಿನ್ನುತ್ತೆ?" ಅಂದಳು.

"ಡಬ್ಬಿ ತುಂಬಾ ತುಪ್ಪ ಬೆಲ್ಲ ಹಾಕಿದ ಚಪಾತಿ. ಬೆಳಿಗ್ಗೆ ಲಾಯದ ಹತ್ತಿರ ಬಕೆಟ್ಟು ಬೋರಲು ಹಾಕ್ಕೊಂಡು ಕೂತು ತಿನ್ನುತ್ತಾಳೆ. ಐದು ನಿಮಿಷಕ್ಕೆ ಡಬ್ಬಿ ಖಾಲಿ" ಅಂತ ಹೆಮ್ಮೆಯಿಂದ ಹೇಳಿದೆ.

"ಖಾಲಿ?"

"ತೊಳೆದ ಹಾಗಿರುತ್ತೆ."

ಅವಳು ನನ್ನನ್ನು ನಂಬಲಿಲ್ಲ. ಒಂದೇ ವಾರದಲ್ಲಿ ಒಬ್ಬರು ಹೆಚ್ಚು ತಿನ್ನಿಸುತ್ತೀಯ ಅಂತ ಬೈದರು, ಇನ್ನೊಬ್ಬರು ತಿನ್ನಿಸುವುದಿಲ್ಲ ಅಂತ. ನನಗೂ ರೇಗಿತು.

"ಮೇಡಂ, ನಮ್ಮ ಕುದುರೆಯನ್ನೂ ಕರ್ಕೊಂಡು ಬರ್ತೀನಿ. ಇಬ್ಬರನ್ನೂ ಒಟ್ಟಿಗೆ ತೂಗಿ ಎರಡರಿಂದ ಭಾಗಿಸಿ, ಸರಿಹೋಗುತ್ತೆ" ಅಂದೆ.

ಸೀಮಂತ

ಬೋರ್ಡು ಹಾಕಿದ ಮೇಲೂ ಟೇಪು ಸಾಲದಾಯಿತು. ಯಾರೂ ತಿನ್ನಿಸುತ್ತಿಲ್ಲ, ಆದರೂ ಹೊಟ್ಟೆ ಬೆಳೆಯುತ್ತಿದೆ. ಇದಕ್ಕೆ ಅರ್ಥ ಒಂದೇ. ಸಂತೆಯಿಂದ ಬಂದ ಕುದುರೆ, ಹಿಂದೆ ಏನಾಗಿತ್ತೋ ಯಾರಿಗೆ ಗೊತ್ತು? ನಾನು ರಾಣಿಯ ಸುತ್ತ ಮೂರು ಸುತ್ತು ಬಂದು, ಹೊಟ್ಟೆ ಮುಟ್ಟಿ, ಜಟಕಾದವರ ಮಗಳ ಗತ್ತಿನಲ್ಲಿ ಹೇಳಿದೆ: "ಅಜ್ಜಿ, ಇದು ಬಸುರಿ."

ಅಜ್ಜಿಯ ಕೆನ್ನೆ ಕೆಂಪಗಾಯಿತು. ಸಂಜೆಗೆ ಉಲ್ಲನ್ ತಂದು ಮರಿಗೆ ಹೊದಿಕೆ ಹೆಣೆಯಲು ಶುರುಮಾಡಿದರು. ಡಾಕ್ಟರು, "ಸ್ಕ್ಯಾನ್ ಮಾಡದೆ ನಾನು ಏನೂ ಹೇಳಲ್ಲ" ಅಂದರು. ಸ್ಕ್ಯಾನಿಗೆ ಇನ್ನೂ ಹತ್ತು ದಿನ ಇತ್ತು.

ಹತ್ತು ದಿನ ಸುಮ್ಮನಿರಲು ಆಗುತ್ತದೆಯೇ? ಚೊಚ್ಚಲೋ ಅಲ್ಲವೋ, ತವರಿಲ್ಲದ ಬಸುರಿ. ಒಳ್ಳೆಯ ದಿನ ನೋಡಿ ಸೀಮಂತ ಮಾಡಿದೆವು. ಹಸಿರು ಬಳೆ ಕಾಲಿಗೆ ತೊಡಿಸಲಾಗುವುದಿಲ್ಲ, ಜೂಲಿಗೆ ಕಟ್ಟಿದೆ. ಪಕ್ಕದ ಬೀದಿಯ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರು ಚರ್ಚಿನಿಂದ ಸೀದಾ ಬಂದು, "ನಮ್ಮಲ್ಲಿ ಹೂ ಮುಡಿಸ್ತೇವೆ" ಅಂತ ಕಿವಿಯ ಹಿಂದೆ ಹೂ ಸಿಕ್ಕಿಸಿದರು. ಬಸುರಿಯ ಬಯಕೆ ತೀರಿಸಬೇಕು ಅಂತ ನಾನು ಅಜ್ಜಿಗೆ ವಿವರಿಸಿದ್ದೇ ತಡ, ಆ ದಿನದ ಮಟ್ಟಿಗೆ ಬೋರ್ಡು ಇಳಿಯಿತು. ಕ್ಯಾರೆಟ್ಟು, ಸೇಬು, ಬೆಲ್ಲ, ಬ್ರೆಡ್ಡು. ರಾಣಿಗೆ ಎಲ್ಲದರ ಬಯಕೆಯೂ ಇತ್ತು.

ಸ್ಕ್ಯಾನಿನ ದಿನ ಡಾಕ್ಟರು ಹೆಗಲವರೆಗೆ ಕೈಗವಸು ಹಾಕಿಕೊಂಡರು. ಉಳಿದದ್ದನ್ನು ಬರೆಯುವುದಿಲ್ಲ. ಅವರು ಸಣ್ಣ ಟಿವಿಯಂಥದ್ದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು.

"ಗಂಡೋ ಹೆಣ್ಣೋ?" ಅಂತ ನಾನೇ ಕೇಳಿದೆ.

"ಊಟ" ಅಂದರು ಡಾಕ್ಟರು. "ಮರಿಗಿರಿ ಏನೂ ಇಲ್ಲ. ಇಷ್ಟೂ ಊಟ."

ಅರ್ಧ ಹೆಣೆದ ಹೊದಿಕೆಯನ್ನು ಅಜ್ಜಿಗೆ ಬಿಚ್ಚಲು ಮನಸ್ಸು ಬರಲಿಲ್ಲ. ನಮ್ಮನೆಯವರು ಇವತ್ತಿಗೂ ಅದನ್ನು ಹೊದ್ದು ಟಿವಿ ನೋಡುತ್ತಾರೆ. ನಾಲ್ಕು ಕಾಲಿಗೂ ಜಾಗ ಇದೆ, ಅವರು ಎರಡನ್ನು ಬಳಸುತ್ತಾರೆ.

ಜೇಬು

ಏಪ್ರಿಲ್ ಬಂತು, ಸಂಸ್ಥೆಯ ಹೆಂಗಸೂ ಬಂದಳು. ಕಡ್ಡಿಯ ಹಾಗಿದ್ದಳು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಹಲ್ಲು ನೋಡಿ ಸರಿ ಅಂದಳು. ಗೊರಸು ತಟ್ಟಿ, "ಇನ್ನೂ ಉರಿ ಇಲ್ಲ, ಅದೃಷ್ಟ" ಅಂದಳು. ಟೇಪನ್ನು ಎರಡು ಸಲ ಹಿಡಿದು, ಕಾಗದದಲ್ಲಿ ಏನೋ ಬರೆದುಕೊಂಡಳು. ಅದೇ ಹೆದರಿಕೆ ಹುಟ್ಟಿಸಿದ್ದು. ಅಜ್ಜಿ ತಮ್ಮ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು, ಗಂಡನ ಅಂತ್ಯಕ್ರಿಯೆಗೆ ಹಾಕಿದ್ದು. ಡಾಕ್ಟರು ಪಕ್ಕದಲ್ಲಿ ನಿಂತಿದ್ದರು. ನಾನು, ನನ್ನ ಪಕ್ಕ ಮಗಳು.

"ಇದಕ್ಕೆ ಯಾರು ತಿನ್ನಿಸ್ತಿದ್ದೀರ?"

ಎಲ್ಲರೂ ರಾಣಿಯನ್ನೇ ನೋಡಿದೆವು.

"ಯಾರೂ ಇಲ್ಲ ಅಂತೀರಾ?"

"ಯಾರೂ ಇಲ್ಲ" ಅಂದೆವು ಒಟ್ಟಿಗೆ.

ರಾಣಿಗೆ ಹಗ್ಗ ಕಟ್ಟಿರಲಿಲ್ಲ. ಅದು ನಿಧಾನವಾಗಿ ನಡೆದು ಬಂದು ಮಗಳ ಚೀಲಕ್ಕೆ ಮೂತಿ ಹಾಕಿತು. ತುಟಿಯಲ್ಲೇ ಡಬ್ಬಿ ಎಳೆದು ಕೆಳಗೆ ಬೀಳಿಸಿತು. ಮುಚ್ಚಳ ಹಾರಿತು. ನನ್ನ ತುಪ್ಪ ಬೆಲ್ಲದ ಚಪಾತಿ ಎರಡೇ ಬಾರಿಗೆ ಒಳಗೆ. ದಿನಾ ಮಾಡಿ ಪಳಗಿದ ಕೆಲಸ ಅಂತ ಕುರುಡರಿಗೂ ಗೊತ್ತಾಗುತ್ತಿತ್ತು.

"ಶೀ ವಾಸ್ ಹಂಗ್ರಿ, ಅಮ್ಮ" ಅಂದಳು ಮಗಳು. "ನಾನು ತಿನ್ನಿಸಿಲ್ಲ. ಅವಳೇ ತಗೊಳ್ತಾಳೆ."

ಎಲ್ಲರೂ ನನ್ನ ಕಡೆ ತಿರುಗಿದರು. "ಬೋರ್ಡು ಓದೋಕೆ ಬರದ ಮಗು..." ಅಂತ ನಾನು ಶುರುಮಾಡುವಷ್ಟರಲ್ಲಿ ರಾಣಿ ಅಜ್ಜಿಯ ಕಡೆ ಹೋಗಿ, ಆ ಕಪ್ಪು ಕೋಟಿನ ಎಡ ಜೇಬಿಗೆ ಮೂತಿ ಇಟ್ಟಿತು. ಬಿಸ್ಕತ್ತು. ಅಜ್ಜಿ ಆಕಾಶ ನೋಡಿದರು. ಅಲ್ಲಿಂದ ನನ್ನ ಹತ್ತಿರ ಬಂತು. ನಾನು ಹಿಂದೆ ಸರಿದೆ, ಅದು ಬಿಡಲಿಲ್ಲ. ನನ್ನ ಜಾಕೆಟ್ಟಿನ ಜೇಬಿನಿಂದ ಬೆಲ್ಲದ ಅಚ್ಚು ಹೊರಬಂತು. ದೇವರ ಆಣೆ ಹಾಕಿದ್ದು ನೆನಪಾಗಿ, ಹುಲ್ಲು ಬಿಟ್ಟು ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಡಾಕ್ಟರು ಗಟ್ಟಿಯಾಗಿ ನಗುತ್ತಿದ್ದರು. ರಾಣಿ ಅವರ ಕಡೆ ತಿರುಗಿದ ತಕ್ಷಣ ನಗು ನಿಂತಿತು. ಅವರ ಎದೆಯ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇತ್ತು. "ಇಂಜೆಕ್ಷನ್ ಕೊಡುವಾಗ ಮಾತ್ರ" ಅಂದರು. ಆ ವರ್ಷ ರಾಣಿಗೆ ಎಷ್ಟು ಇಂಜೆಕ್ಷನ್ ಕೊಟ್ಟಿದ್ದರೋ ಅವರಿಗೇ ಗೊತ್ತು.

ಉಳಿದವಳು ಒಬ್ಬಳೇ. ರಾಣಿ ಆ ಹೆಂಗಸಿನ ಮುಂದೆ ನಿಂತು, ಅವಳ ಪ್ಯಾಂಟಿನ ಜೇಬನ್ನು ಮೂಸಿ, ಕಾಲು ಕೆರೆಯಿತು. ಅವಳು ಹಲಗೆಯನ್ನು ಅಡ್ಡ ಹಿಡಿದಳು.

"ಅದು," ಅಂದಳು, "ಬೇರೆ ಕುದುರೆಗೆ ಇಟ್ಟಿದ್ದು."

ಆಮೇಲೆ ಅವಳಿಗೆ ಗಟ್ಟಿಯಾಗಿ ಬೈಯುವ ಮುಖ ಉಳಿಯಲಿಲ್ಲ. ಆರು ವಾರ ಕೊಟ್ಟಳು. ರಾಣಿಯ ಮೂತಿಗೆ ಬುಟ್ಟಿಯಂಥದ್ದು ಕಟ್ಟಬೇಕು, ಲಾಯಕ್ಕೆ ಬರುವವರು ಗೇಟಿನಲ್ಲೇ ಜೇಬು ಖಾಲಿ ಮಾಡಬೇಕು, ಡಾಕ್ಟರೂ ಸಹ. ಮಗಳು ಮನೆಯಲ್ಲೇ, ನನ್ನ ಕಣ್ಣೆದುರೇ ತಿನ್ನಬೇಕು. ಆರು ವಾರ ಅಜ್ಜಿ ಮಂಡಿನೋವಿನಲ್ಲೇ ರಾಣಿಯನ್ನು ಹೊಲದ ಸುತ್ತ ನಡೆಸಿದರು. ರಾಣಿ ನಮ್ಮನ್ನು ಯಾರನ್ನೂ ಮಾತಾಡಿಸಲಿಲ್ಲ.

ಆ ಹೆಂಗಸು ಮತ್ತೆ ಬಂದ ದಿನ ಟೇಪು ಹಿಡಿದು, ತಲೆಯಾಡಿಸಿ, ಕಾಗದಕ್ಕೆ ಸಹಿ ಹಾಕಿದಳು. ರಾಣಿ ಇಲ್ಲೇ ಉಳಿಯಿತು. ಅಜ್ಜಿ ಅತ್ತರು, ಮೂಗು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಕರವಸ್ತ್ರವೂ ಇರಲಿಲ್ಲ, ಅದನ್ನೂ ಗೇಟಿನಲ್ಲೇ ಇಟ್ಟು ಬಂದಿದ್ದರು. ಆ ಹೆಂಗಸು ಲಾಯದ ಬಾಗಿಲಿಗೆ ಒಂದು ನಕ್ಷತ್ರದ ಸ್ಟಿಕರ್ ಅಂಟಿಸಿದಳು. ಅದೇ ದಿನ ಮಧ್ಯಾಹ್ನ ಜಿಪಿ ಹತ್ತಿರ ಮಗಳ ಗೆರೆ ಮೇಲೆ ಹೋಗಿತ್ತು. ಅವಳ ಫ್ರಾಕಿಗೂ ಒಂದು ಸ್ಟಿಕರ್ ಬಂತು.

ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಆರು ವಾರದಿಂದ ರಾಣಿಯ ಪಾಲಿನ ಬೆಲ್ಲವನ್ನು ಹಾಳುಮಾಡಬಾರದು ಅಂತ ನಾನೇ ತಿನ್ನುತ್ತಿದ್ದೆ, ಆಗಲೂ ಬಾಯಿ ತುಂಬಾ ಅದೇ ಇತ್ತು. ಮಗಳು ತನ್ನ ಸ್ಟಿಕರ್ ಸವರಿಕೊಂಡು, ನನ್ನ ಜಾಕೆಟ್ಟಿನ ಹಾಕಲಾಗದ ಗುಂಡಿಯನ್ನೇ ನೋಡುತ್ತಾ, ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದಳು:

"ಅಮ್ಮ, ನಾನು ದಪ್ಪ ಆದ್ರೆ ಸ್ಟಿಕರ್, ರಾಣಿ ಸಣ್ಣ ಆದ್ರೆ ಸ್ಟಿಕರ್. ನಿನಗೆ ಸ್ಟಿಕರ್ ಸಿಗಬೇಕು ಅಂದ್ರೆ ನೀನು ಏನಾಗಬೇಕು?"