ಶರಣಮ್ಮ ಕೂತರೆ ನಿಲ್ಲುವ ಗಾಡಿ

ಗಾಡಿ ಪೂರ್ತಿ ಕೆಟ್ಟು ನಿಂತರೆ ಮನುಷ್ಯ ಗಾಡಿಯನ್ನು ಬೈದು ಸುಮ್ಮನಾಗುತ್ತಾನೆ. ಒಮ್ಮೆ ನಿಂತು ಒಮ್ಮೆ ಓಡುವ ಗಾಡಿ ಮಾತ್ರ ಮನುಷ್ಯನನ್ನೇ ಕೆಡಿಸುತ್ತದೆ. ಅವನು ಕಾರಣ ಹುಡುಕಲು ಹೊರಡುತ್ತಾನೆ, ಕೈಗೆ ಸಿಕ್ಕದ್ದನ್ನೇ ಕಾರಣ ಎನ್ನುತ್ತಾನೆ. ನನ್ನ ಕೈಗೆ ಸಿಕ್ಕವಳು ನನ್ನ ಹೆಂಡತಿ. ಈ ವಯಸ್ಸಿನಲ್ಲಿ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನನ್ನದು ಹಳೆಯ ಮೋಟರ್ ಸೈಕಲ್. ಆದೋನಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಹತ್ತಿ ತೂಗುವ ಗುಮಾಸ್ತನಾಗಿದ್ದಾಗ ಕೊಂಡದ್ದು. ನಾನು ನಿವೃತ್ತನಾದೆ, ಅದಕ್ಕೆ ಆ ಭಾಗ್ಯ ಸಿಕ್ಕಿಲ್ಲ. ಹೊಳಗುಂದದಲ್ಲಿ ನನ್ನ ಹೆಂಡತಿ ಶರಣಮ್ಮನ ಅಕ್ಕ ಗೌರಮ್ಮ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾಳೆ. ಮನೆ ತುಂಬ ಸೊಸೆಯಂದಿರಿದ್ದರೂ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಲು ಆಕೆಗೆ ತಂಗಿಯೇ ಆಗಬೇಕು. ಹಾಗಾಗಿ ಸೋಮವಾರ ಸೋಮವಾರ ಶರಣಮ್ಮನನ್ನು ಹಿಂದೆ ಕೂರಿಸಿಕೊಂಡು ಹೊಳಗುಂದಕ್ಕೆ ಹೋಗುವುದು ನನ್ನ ಕೆಲಸ.

ಒಂದು ಸೋಮವಾರ ಊರು ದಾಟುತ್ತಲೇ ಗಾಡಿ ನಿಂತಿತು. ಕೆಮ್ಮಲಿಲ್ಲ, ನರಳಲಿಲ್ಲ, ಮಾತಾಡುತ್ತಿದ್ದವರು ನಡುವೆಯೇ ಎದ್ದು ಹೋದ ಹಾಗೆ ನಿಂತಿತು. ಶರಣಮ್ಮ ಇಳಿದಳು. ಕಿಕ್ ಹೊಡೆದೆ, ಚಾಲೂ ಆಯಿತು. ಆಕೆ ಹತ್ತಿದಳು. ರಸ್ತೆಯಲ್ಲೊಂದು ಗುಂಡಿ ಬಂತು, ಮತ್ತೆ ನಿಂತಿತು. ಇಳಿದರೆ ಜೀವ, ಹತ್ತಿದರೆ ಮರಣ. ಹೊಳಗುಂದ ಸೇರುವಷ್ಟರಲ್ಲಿ ಆಕೆ ಅರ್ಧ ದಾರಿ ನಡೆದಿದ್ದಳು.

ಮೆಕ್ಯಾನಿಕ್ ಮಸ್ತಾನ್ ಹತ್ತಿರ ಹೋದರೆ ಗಾಡಿ ಮದುಮಗನ ಹಾಗೆ ನಡೆದುಕೊಂಡಿತು. ಅವನೇ ನನ್ನ ಹಿಂದೆ ಕೂತು ಪೇಟೆಯೆಲ್ಲ ಸುತ್ತಿಸಿದ. ಒಮ್ಮೆಯೂ ನಿಲ್ಲಲಿಲ್ಲ. "ಮಾಮೂ, ಬಂದ್ ಆದಾಗ ತಗೊಂಡ್ ಬಾ. ಓಡೋ ಗಾಡಿಗೆ ಏನ್ ದವಾ ಕೊಡ್ಲಿ?" ಅಂದ. ಆದರೂ ಪ್ಲಗ್ಗು ಬದಲಿಸಿದ. ಮುಂದಿನ ಸೋಮವಾರ ಶರಣಮ್ಮ ಕೂತಳು, ಗಾಡಿ ನಿಂತಿತು.

ಜೀವನವೆಲ್ಲ ತಕ್ಕಡಿಯ ಮುಂದೆ ಕಳೆದವನು ನಾನು, ಸುಮ್ಮನಿರುತ್ತೇನೆಯೆ? ಭಾರ ಹೆಚ್ಚಾಗಿರಬೇಕು ಎಂದು ಶರಣಮ್ಮನಿಗಿಂತ ಭಾರವಾದ ಹತ್ತಿಕಾಳಿನ ಚೀಲವನ್ನು ಹಿಂದಿನ ಸೀಟಿಗೆ ಬಿಗಿದು ಆಸ್ಪರಿ ರಸ್ತೆಯಲ್ಲಿ ಹೋಗಿಬಂದೆ. ಗಾಡಿ ಹಾಡುತ್ತ ಓಡಿತು. ಅಲ್ಲಿಗೆ ಲೆಕ್ಕ ಮುಗಿಯಿತು. ಗಂಡಸು ಕೂತರೆ ಓಡುತ್ತದೆ, ಚೀಲ ಕೂತರೆ ಓಡುತ್ತದೆ, ಈಕೆ ಕೂತರೆ ನಿಲ್ಲುತ್ತದೆ. ನಾನು ಓದಿದ್ದು ಹೈಸ್ಕೂಲು. ಇಷ್ಟು ದೊಡ್ಡ ಮೂರ್ಖನಾಗಲು ಅಷ್ಟು ಓದು ಸಾಕು.

ಆ ವಾರ ಹೊಳಗುಂದದಲ್ಲಿ ಗೌರಮ್ಮ ಮಂಚದಿಂದಲೇ "ಯಾಕ್ರಿ ಬಸಪ್ಪನೋರ, ಇಷ್ಟ್ಯಾಕ ತಡಾ?" ಎಂದು ಕೇಳಿದಳು. ಬಿಸಿಲಿಗೆ ತಲೆ ಕಾದಿತ್ತು. ಸೊಸೆಯಂದಿರೆಲ್ಲ ಕೇಳುವ ಹಾಗೆ, "ಏನ್ ಮಾಡೋದವ್ವಾ, ನಿನ್ನ ತಂಗಿ ಕಾಲ್ಗುಣ ಹಂಗೈತಿ" ಅಂದೆ.

ಶರಣಮ್ಮನನ್ನು ಮನೆ ತುಂಬಿಸಿಕೊಂಡ ದಿನ ಎಮ್ಮೆ ಸತ್ತಾಗಲೂ ನಮ್ಮವ್ವ ಆಡದಿದ್ದ ಮಾತು ಅದು. ಶರಣಮ್ಮ ಅಕ್ಕನ ಹೆರಳು ಮುಗಿಸಿದಳು, ಕೈ ತೊಳೆದಳು, ಬಸ್ಸಿಗೆ ಆದೋನಿಗೆ ಬಂದಳು. ಆಮೇಲೆ ಅವಳ ಸೋಮವಾರಗಳೆಲ್ಲ ಬಸ್ಸಿಗೇ ಹೋದವು. ಮನೆಯಲ್ಲಿ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಮೆಣಸಿನಕಾಯಿ ಚಟ್ನಿಗೆ ಉಪ್ಪು ಸಾಲದು ಎಂದರೆ ಉಪ್ಪಿನ ಡಬ್ಬಿ ಮುಂದೆ ಬರುತ್ತಿತ್ತು, ಅಷ್ಟೆ.

ಆಗ ಬಚ್ಚಲಿನಲ್ಲಿ ಜಾರಿ ನನ್ನ ಮೊಣಕಾಲು ಊದಿತು. ಪಕ್ಕದ ಮನೆಯ ಈರಣ್ಣ ನನ್ನದೇ ಗಾಡಿಯ ಮೇಲೆ ಆಸ್ಪತ್ರೆಗೆ ಕರೆದೊಯ್ದ. ಕಾಲೆತ್ತಿ ಆಚೆ ಹಾಕಲು ಆಗದೆ ಹೆಂಗಸರ ಹಾಗೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಅಡ್ಡ ಕೂತೆ. ಮಾರ್ಕೆಟ್ ಯಾರ್ಡಿನ ಮುಂದೆ, ಚಹದಂಗಡಿಯ ಎದುರಿಗೇ ಗಾಡಿ ನಿಂತಿತು.

"ದಿಗು ಮಾವಾ, ಒಂಚೂರು ಇಳಿ" ಅಂದ ಈರಣ್ಣ. ಇಳಿದೆ, ಚಾಲೂ ಆಯಿತು. ಕೂತೆ, ನಿಂತಿತು. ನಾನು ಶರಣಮ್ಮನಿಗೆ ಅಂದ ಮಾತು ಓಣಿಗೆಲ್ಲ ಗೊತ್ತಿತ್ತು. ಈರಣ್ಣ ಹಿಂದಿರುಗಿ ನೋಡಿ, "ಮಾವಾ, ನಿಂದೂ ಕಾಲ್ಗುಣ ನೆಟ್ಟಗಿಲ್ಲ ಬಿಡು" ಅಂದ. ಚಹದಂಗಡಿಯಲ್ಲಿ ನಕ್ಕವರಲ್ಲಿ ನಮ್ಮ ಮಿಲ್ಲಿನ ಹಮಾಲರೂ ಇದ್ದರು.

ಶರಣಮ್ಮನೂ ಹೀಗೇ ಅಡ್ಡ ಕೂರುತ್ತಾಳಲ್ಲ ಎಂದು ಆಗ ಹೊಳೆಯಿತು. ಆಸ್ಪತ್ರೆ ಆಮೇಲೆ, ಮೊದಲು ಸೀಟು ಬಿಚ್ಚು ಎಂದೆ. ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಸೀಟಿನ ಕೆಳಗೆ ಎಡಗಡೆಯ ರಬ್ಬರ್ ತುಂಡು ಎಲ್ಲೋ ಬಿದ್ದುಹೋಗಿತ್ತು. ಸೀಟಿನ ಕಬ್ಬಿಣದ ಅಂಚು ಒಂದು ವೈರನ್ನು ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಒಳಗಿನ ತಾಮ್ರ ಎಳ್ಳುಕಾಳಿನಷ್ಟು ಕಾಣುತ್ತಿತ್ತು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುತ್ತೇವಲ್ಲ, ಆ ಕೆಲಸದ ವೈರು ಅದು. ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಸಾಕು, ಎಂಜಿನ್ ಬಂದ್. ಕಾಲು ಆಚೆ ಈಚೆ ಹಾಕಿ ಕೂತರೆ ಭಾರ ನಡುವೆ ಬೀಳುತ್ತದೆ. ಅಡ್ಡ ಕೂತರೆ ಸೀಟು ಎಡಕ್ಕೆ ವಾಲಿ ಆ ತಾಮ್ರವನ್ನು ಕಬ್ಬಿಣಕ್ಕೆ ಒತ್ತುತ್ತದೆ. ನಾನು ನೋವು ಮರೆತು ನೋಡುತ್ತ ನಿಂತೆ. ಇರುವೆ ದಾಟಿ ಹೋಗುವಷ್ಟು ಜಾಗ. ಅದು ಮುಟ್ಟಿದರೆ ಇಷ್ಟು ದೊಡ್ಡ ಗಾಡಿ ಕಲ್ಲು, ಬಿಟ್ಟರೆ ಕುದುರೆ. ಸದ್ದಿಲ್ಲ, ಹೊಗೆಯಿಲ್ಲ, ಕಿಡಿಯಿಲ್ಲ. ಗುಡಿಯಲ್ಲೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ. ಈರಣ್ಣ ವೈರಿಗೆ ಕರಿ ಟೇಪು ಸುತ್ತಿ, ಹಳೆಯ ಟ್ಯೂಬಿನ ತುಂಡೊಂದನ್ನು ಸೀಟಿನ ಕೆಳಗಿಟ್ಟ.

ಮನೆಗೆ ಬಂದು ಶರಣಮ್ಮನಿಗೆ ಎಲ್ಲ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಲೇ, "ಅಂದದ್ದು ನಮ್ಮಕ್ಕನ ಮನ್ಯಾಗ. ಅಲ್ಲೇ ಹೇಳ್ರಿ" ಅಂದಳು.

ಕಾಲಿನ ಊತ ಇಳಿದ ಮೇಲೆ ಒಂದು ಸೋಮವಾರ ಆಕೆ ಬಸ್ಸಿನಲ್ಲಿ, ನಾನು ಗಾಡಿಯಲ್ಲಿ ಹೋದೆವು. ಸೊಸೆಯಂದಿರನ್ನೆಲ್ಲ ಕರೆಸಿ, ತಪ್ಪಾಯಿತು, ಆಕೆಯದೇನಿಲ್ಲ, ಎಲ್ಲ ವೈರಿನದು ಎಂದು ವಿವರಿಸಿದೆ. ಗೌರಮ್ಮ ಮಲಗಿದಲ್ಲಿಂದಲೇ ಕೇಳಿದಳು: "ವೈರು ಸಿಗದಿದ್ರ ನಮ್ ತಂಗಿ ಹಂಗ ಕೆಟ್ಟ ಕಾಲಿನಾಕೀನ ಆಗಿರ್ತಿದ್ಳೇನ್ರಿ?"

ನಾನು ಎದ್ದು ಹೊರಗೆ ಬಂದು ಗಾಡಿಯ ಸೀಟು ಒರೆಸತೊಡಗಿದೆ.

ಸಂಜೆ ಹೊರಟಾಗ ಶರಣಮ್ಮ ಏನೂ ಹೇಳದೆ ಬಂದು ಹಿಂದೆ ಕೂತಳು, ಅಡ್ಡವಾಗಿಯೇ. ಗುಂಡಿಗಳು ಬಂದವು, ಗಾಡಿ ನಿಲ್ಲಲಿಲ್ಲ. ಆಕೆ ಮಾತಾಡಲಿಲ್ಲ. ಮೊದಲು ನಿಂತಾಗಲೆಲ್ಲ ಇಳಿದು ಏನಾದರೂ ಅನ್ನುತ್ತಿದ್ದಳು, ಬೈಯುವುದಾದರೂ ಇತ್ತು. ಈ ಮೌನ ಹೊತ್ತು ಆದೋನಿಯವರೆಗೆ ಹೋಗುವುದು ನನ್ನಿಂದಾಗಲಿಲ್ಲ. ಹತ್ತಿಹೊಲಗಳ ನಡುವೆ ಮೆಲ್ಲಗೆ ಕೈ ಚಾಚಿ ಕೀಲಿ ತಿರುಗಿಸಿದೆ. ಗಾಡಿ ಉರುಳಿ ನಿಂತಿತು. "ಮತ್ತ ನಿಂತ್ತು ನೋಡು" ಎಂದೆ, ಆದಷ್ಟು ಆಶ್ಚರ್ಯ ತಂದುಕೊಂಡು.

ಶರಣಮ್ಮ ಇಳಿಯಲಿಲ್ಲ.

"ಕೀಲಿ ತಿರುವಿದ್ದು ಕಂಡೀನಿ" ಅಂದಳು. "ಏನರ ಹೇಳೋದಿದ್ರ ನಡೆಸ್ಕೋಂತ ಹೇಳ್ರಿ. ಹೊತ್ತು ಮುಳುಗತೈತಿ."