ಸ್ವೀಡನ್ನಪ್ಪ ಹಾಡಿದ್ದು, ಹುಳ ಸತ್ತದ್ದು

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ನನಗೆ ಹಸುವಿಗೆ ಹುಲ್ಲು ಹಾಕುವುದು ನೆನಪಾಗುತ್ತಿತ್ತು. ಹೀಗೆ ಮುಂದಕ್ಕೆ ಹಾಕಿ ಹಾಕಿ ಹಸು ಕೊಬ್ಬಿತು, ಮಾತು ಹಾಗೇ ಉಳಿಯಿತು. ಇವತ್ತು ಹಸುವೇ ಸಾಕು ಎನ್ನುತ್ತಿದೆ. ಹೇಳಿಬಿಡುತ್ತೇನೆ.

ನಮ್ಮ ಜಂಗಮಕೋಟೆಯಲ್ಲಿ ಕೆಲವು ತಿಂಗಳು ಇದ್ದು ಹೋದ ಸ್ವೀಡನ್ ದೇಶದ ಹಾಡುಗಾರನಷ್ಟು ಅಳುವುದನ್ನು ಇಷ್ಟಪಡುವ ಮನುಷ್ಯನನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಕಥನಗೀತೆಗಳನ್ನು ತಾನೇ ಕಟ್ಟಿ, ಗಿಟಾರ್ ಹಿಡಿದು ಊರೂರಲ್ಲಿ ಹಾಡುವುದು ಅವನ ಕಸುಬು. ಒಂದು ಹಾಡಿನಲ್ಲಿ ರಾಜಕುಮಾರಿಗೆ ರೇಷ್ಮೆ ಲಂಗ ತೊಡಿಸಿದ್ದನಂತೆ. ರೇಷ್ಮೆ ಹುಟ್ಟುವುದನ್ನು ನೋಡದೆ ಆ ಸಾಲು ಹಾಡಿದರೆ ಸುಳ್ಳಾಗುತ್ತದೆಂದು ಇಷ್ಟು ದೂರ ಬಂದ. ಸದ್ಯ, ಅವಳಿಗೆ ವಜ್ರದ ಸರ ಹಾಕಿರಲಿಲ್ಲ! ನಮ್ಮ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಅವನ ಹೆಸರು ಯಾರ ನಾಲಿಗೆಗೂ ಹತ್ತದ್ದರಿಂದ ಊರು ಸ್ವೀಡನ್ನಪ್ಪ ಎಂದು ನಾಮಕರಣ ಮಾಡಿತು.

ಸಂಜೆ ಜಗಲಿಯ ಮೇಲೆ ಹಾಡುತ್ತಿದ್ದ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅರ್ಥ ಕೇಳಿ ತಮ್ಮನಿಗೆ ಹೇಳುವುದು ನನ್ನ ಕೆಲಸ. ಮೊದಲ ಹಾಡಿನಲ್ಲಿ ಹುಡುಗಿ ಕೆರೆಗೆ ಬಿದ್ದು ಸತ್ತಳು. ಎರಡನೆಯದರಲ್ಲಿ ಅವಳ ಪ್ರಿಯಕರ. ಮೂರನೆಯದರಲ್ಲಿ ದೋಣಿ ಸಮೇತ ಇಡೀ ಮದುವೆ ದಿಬ್ಬಣ.

"ಕೇಳಣ್ಣ ಅವನ್ನ, ಅವರೂರಲ್ಲಿ ಯಾರೂ ಈಜು ಕಲಿಯಲ್ವಾ?" ಎಂದ ತಮ್ಮ.

ಕೇಳಿದೆ. ಸ್ವೀಡನ್ನಪ್ಪ ಗಂಭೀರವಾಗಿ ಯೋಚಿಸಿ, "ಕಲಿತರೆ ಹಾಡು ಬೇಗ ಮುಗಿಯುತ್ತದೆ" ಎಂದ.

ಒಂದು ದಿನ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಸಾಬರೊಬ್ಬರ ಬಳಿ ಕರೆದೊಯ್ದೆ. ಕುದಿಯುವ ನೀರಿನಲ್ಲಿ ಗೂಡು, ಗೂಡಿನೊಳಗೆ ಹುಳು ಎಂದು ತಿಳಿದದ್ದೇ ತಡ, ಅಲ್ಲೇ ಕೂತು ಶೋಕಗೀತೆ ಶುರುಮಾಡಿದ. ಸಾಬರು ಚಹಾ ತರಿಸಿ ನನ್ನ ಕಡೆ ವಾಲಿದರು. "ಒಂದೊಂದು ಹುಳಕ್ಕೂ ಒಂದೊಂದು ಹಾಡು ಅಂದ್ರೆ ನಾವು ಬಾಗ್ಲು ಹಾಕ್ಬೇಕಾಗ್ತದೆ. ಎಲ್ಲಾಕ್ಕೂ ಸೇರ್ಸಿ ಒಂದೇ ಹೇಳ್ಬಿಡಕ್ಕೆ ಹೇಳಿ."

ತಮ್ಮ ರೇಷ್ಮೆಹುಳು ಸಾಕುತ್ತಿದ್ದ ಹುಳುಮನೆಯೊಳಕ್ಕೆ ಮಾತ್ರ ಅವನಿಗೆ ಪ್ರವೇಶವಿರಲಿಲ್ಲ. ಹೊರಗಿನವರು ಕಾಲಿಟ್ಟರೆ ಹುಳಕ್ಕೆ ರೋಗ ತಗಲುತ್ತದೆಂದು ನಮ್ಮಲ್ಲಿ ನೆಂಟರನ್ನೂ ಬಿಡುವುದಿಲ್ಲ. ಅವನು ಕಿಟಕಿಯಾಚೆ ನಿಂತು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದಿಗೆ ಗಿಟಾರ್ ಕೂಡಿಸಿ ಹಾಡುತ್ತಿದ್ದ.

ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಳುಗಳೆಲ್ಲ ಹಸಿರು ಕಕ್ಕಿಕೊಂಡು ಸತ್ತವು. ತಮ್ಮ ಹುಳು ಮೇಯಿಸುವ ತಟ್ಟೆಗಳ ಮುಂದೆ ಕುಸಿದು ಕೂತ. "ಹೊರಗಿನವನ ದನಿ ಬಿತ್ತಲ್ಲಪ್ಪ, ಇನ್ನೇನಾಗ್ತದೆ" ಎಂದರು ನೆರೆಯವರು.

ಹಿಂದಿನ ದಿನ ಬೀಸುಗಾಳಿಯಲ್ಲಿ ನನ್ನ ಟೊಮೇಟೊಗೆ ಔಷಧಿ ಹೊಡೆದವನು ನಾನು. ಪಕ್ಕದ್ದೇ ತಮ್ಮನ ಹಿಪ್ಪುನೇರಳೆ ತೋಟ. ಹುಳು ತಿಂದ ಸೊಪ್ಪು ಅಲ್ಲಿಯದೇ. ಸತ್ತ ಹುಳುಗಳನ್ನು ಕಂಡ ಕೂಡಲೇ ನನಗೆ ತಿಳಿಯಿತು. ಬಾಯಿ ಬಿಡಲಿಲ್ಲ. ಅದೂ ಸಾಲದೆಂದು, ನೆರೆಯವರ ಮಾತನ್ನು ಒಂದಕ್ಷರ ಬಿಡದೆ ಅವನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಿದೆ. ಅವನು ತಮ್ಮನ ಕೈ ಹಿಡಿದು ಬಿಟ್ಟು, ಗಿಟಾರ್ ಹೆಗಲಿಗೇರಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಊರು ಇಟ್ಟ ಆ ಹೆಸರು ಅವತ್ತಿನಿಂದ ನನ್ನ ಬಾಯಿಗೆ ಬಂದದ್ದು ಇವತ್ತೇ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಅವನು ಹಾಡುವುದನ್ನು ಹುಡುಕಿ ತೋರಿಸಿದಳು. ದೊಡ್ಡ ಸಭೆ. ಅವನ ಗಡ್ಡ ಬೆಳ್ಳಗಾಗಿದೆ. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಓಡುತ್ತಿತ್ತು. ತಮ್ಮ ಪಕ್ಕದಲ್ಲೇ ಕೂತಿದ್ದ.

"ಏನಂತಾನಣ್ಣ?"

"ತಾನು ಹಾಡಿದ್ದಕ್ಕೇ ನಿನ್ನ ಹುಳ ಸತ್ತವಂತೆ. ನಿನ್ನ ಕ್ಷಮೆ ಕೇಳ್ತಾವನೆ."

"ಅಯ್ಯೋ ಪಾಪ. ಇನ್ನೂ ಮನಸ್ಸಲ್ಲಿ ಇಟ್ಕೊಂಡವನಾ? ನಾನು ಯಾವತ್ತೋ ಬಿಟ್ಟಾಕಿದ್ನಲ್ಲಪ್ಪ."

ಆಗ ಹೇಳಿದೆ. ಗಾಳಿ, ಟೊಮೇಟೊ, ಔಷಧಿ, ಎಲ್ಲ. ತಮ್ಮ ನನ್ನ ಮುಖ ನೋಡಲಿಲ್ಲ. ಫೋನನ್ನು ನನ್ನ ಅಂಗೈಯಲ್ಲಿಟ್ಟು ಅದರ ಮೇಲೆ ನನ್ನ ಬೆರಳು ಮಡಿಚಿದ.

"ನನಗ್ಯಾಕಣ್ಣ ಹೇಳ್ತೀಯ? ಅಲ್ಲಿ ಅಷ್ಟು ಜನದ ಮುಂದೆ ನಿಂತವ್ನಲ್ಲ, ಅವನಿಗೆ ಹೇಳು."