ಇನ್ನೊಂಚೂರು ಎಳೀರಿ

ತೊಂಬತ್ತೆಂಟರ ಲಗ್ನದ ಹಂಗಾಮಿಗೆ ಮುಂಚೆ ಬಸವಕಲ್ಯಾಣದ ಖಮರುದ್ದೀನ್ ಸಾಹೇಬರ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಸೀಸದ ಅಚ್ಚುಮೊಳೆಗಳು ಗುಜರಿಗೆ ಹೋದವು. ಅವುಗಳ ಜೊತೆ ಮೊಳೆ ಜೋಡಿಸುವ ಶಂಕರಲಿಂಗನ ಒಂದು ಒಳ್ಳೆಯ ನೆಪವೂ ಹೋಯಿತು. ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ದೊಡ್ಡದಾಗಲಿ ಎಂದವರಿಗೆ, "ಇದಕ್ಕಿಂತ ದೊಡ್ಡ ಮೊಳಿ ಇಲ್ರಿ" ಎಂದು ಅವನು ಕೈ ತೊಳೆದುಕೊಳ್ಳುತ್ತಿದ್ದ.

ಈಗ ಆ ಮಾತು ನಡೆಯುವುದಿಲ್ಲ. ನರೆತ ತಲೆ ಹೊತ್ತು ಹುಮನಾಬಾದಿನ ಬಸ್ಸು ಹತ್ತಿ, ಮಕ್ಕಳ ವಯಸ್ಸಿನವರ ಮುಸಿಮುಸಿ ನಗುವಿಗೆ ಜಗ್ಗದೆ ಶಂಕರಲಿಂಗ ಕಂಪ್ಯೂಟರ್ ಡಿಸೈನ್ ಕಲಿತು ಬಂದಿದ್ದ. ಇಂದು ಅವನ ಮೊದಲ ಪತ್ರಿಕೆ.

"ಸಂಜೀತನಕ ಪಾರ್ಟಿ ಪಸಂದ್ ಮಾಡ್ಲಿಲ್ಲಂದ್ರ ಈ ಕುರ್ಚಿ ಮ್ಯಾಲ ಹುಮನಾಬಾದದವ್ರನ್ನ ತಂದು ಕೂಡಸ್ತೀನಿ ನೋಡು," ಎಂದರು ಸಾಹೇಬರು.

"ಯಾರು ಬಂದು ಕೂಡ್ತಾರ ನಾನೂ ನೋಡ್ತೀನ್ರಿ," ಎಂದು ಶಂಕರಲಿಂಗ ಮೌಸು ಹಿಡಿದ.

ಮೊದಲು ಬಂದವರು ಮದುಮಗಳ ದೊಡ್ಡಪ್ಪ, ರಾಜೇಶ್ವರದ ಗುಂಡಪ್ಪನವರು. ಪರದೆಯ ಮೇಲೆ ಮೌಸಿನಿಂದ ಮೂಲೆ ಹಿಡಿದು ಎಳೆದರೆ ಹೆಸರು ದೊಡ್ಡದಾಗುವುದನ್ನು ಕಂಡು ಅವರ ಕಣ್ಣುಗಳು ಅರಳಿದವು.

"ಅರೇ, ಹಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ ಉಬ್ಬಾಕತ್ತದಲ್ರಿ! ನಂದು ಇನ್ನೊಂಚೂರು ಎಳೀರಿ."

ಎಳೆದ. ಅಷ್ಟರಲ್ಲಿ ಮನ್ನಾಏಖೇಳ್ಳಿಯಿಂದ ಸೋದರಮಾವ ಪಂಡರಿ ಬಂದಿಳಿದರು.

"ಹುಡುಗೀನ ಮಂಟಪಕ್ಕ ಕರಕೊಂಡು ಬರಾಂವ ನಾನು! ಇವರ ಹೆಸರು ನನ್ನದಕ್ಕಿಂತ ಹ್ಯಾಂಗ ದೊಡ್ಡದಾಗ್ತದ? ಎಳೀರಿ ನಂದೂ."

ಚಹಾ ತಂದ ಪಕ್ಕದಂಗಡಿಯ ಮಹೆಬೂಬ ಕಪ್ಪು ಇಟ್ಟು ಹೋಗಬಾರದೆ? "ಮಾವಂದು ಇನ್ನಾ ಸಣ್ಣ ಕಾಣಸ್ತದ್ರಿ," ಎಂದು ಬೆಂಕಿಗೆ ತುಪ್ಪ ಸುರಿದ. ಒಬ್ಬರದು ಎಳೆದರೆ ಇನ್ನೊಬ್ಬರದು. ಮಧ್ಯಾಹ್ನದ ಹೊತ್ತಿಗೆ ಆ ಎರಡು ಹೆಸರುಗಳು ಪತ್ರಿಕೆಯನ್ನೆಲ್ಲ ನುಂಗಿದ್ದವು; ವಧೂವರರು ಮೂಲೆಯಲ್ಲಿ ಇರುವೆಗಳಂತೆ ಮುದುರಿಕೊಂಡಿದ್ದರು. ಮುಹೂರ್ತವಂತೂ ಕಾಗದದಿಂದಲೇ ಹೊರಗೆ ಬಿದ್ದಿತ್ತು.

ಶಂಕರಲಿಂಗನಿಗೆ ರೇಗಿತು. ಅಷ್ಟು ಜನರ ಕೈಲಿ ನಗಿಸಿಕೊಂಡು ಕಲಿತದ್ದು ಇದಕ್ಕಾ? ಬಂಧುಗಳ ಹೆಸರುಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ಅಳತೆಗೆ ಇಳಿಸಿಬಿಟ್ಟ.

"ವಧೂವರರದಷ್ಟೇ ದೊಡ್ಡದು. ಉಳದವ್ರದು ಎಲ್ಲಾ ಒಂದೇ ಅಳತಿ! ಕುರ್ಚಿ ಹೋದ್ರ ಹೋಗ್ಲಿ, ಇನ್ನ ನಾ ಯಾರದೂ ಎಳಿಯಂಗಿಲ್ಲ!"

ಗುಂಡಪ್ಪನವರು ಕೆಂಡವಾದರು. ಪಂಡರಿ ಆರ್ಡರೇ ಬೇಡ ಎಂದು ಕೂಗಿದರು. ಎಂದೂ ಒಂದಾಗದ ಬೀಗರು ಶಂಕರಲಿಂಗನ ವಿರುದ್ಧ ಒಂದಾದರು. ಆಗ, ಗುಂಡಪ್ಪನವರ ಜೊತೆ ಬಂದು ಬಾಗಿಲ ಬಳಿ ಎಲ್ಲ ನೋಡುತ್ತ ಕೂತಿದ್ದ ಮದುಮಗಳ ಅಜ್ಜಿ ರುಕ್ಮಿಣಿಬಾಯಿ ಕೋಲು ಕುಟ್ಟಿದರು.

"ಸಾಕ್ ಮಾಡ್ರೋ! ಅಂವ ಹೇಳೋದು ಖರೇ ಅದ. ಲಗ್ನ ಹುಡುಗೀದೋ, ನಿಮ್ಮದೋ? ನಡೀರಿ ಮನೀಗಿ!"

ಅಜ್ಜಿಯ ಮಾತು ಮೀರುವವರು ಆ ಎರಡೂ ಮನೆತನಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರು. ಶಂಕರಲಿಂಗ ಎದೆಯುಬ್ಬಿಸಿ ಕೂತ. ಕುರ್ಚಿ ಉಳಿದಿತ್ತು, ಮಾತೂ ಉಳಿದಿತ್ತು.

ರುಕ್ಮಿಣಿಬಾಯಿ ಹೊರಗೆ ಇಣುಕಿ, ಇಬ್ಬರೂ ಮರೆಯಾದದ್ದನ್ನು ಖಾತ್ರಿ ಮಾಡಿಕೊಂಡು, ಅವನ ಕಿವಿಯ ಬಳಿ ಬಗ್ಗಿದರು.

"ಭಾಳ ಚಲೋ ಮಾಡ್ದಿ ಯಪ್ಪಾ. ಈಗ ನಂದೊಂದು ಇನ್ನೊಂಚೂರು ಎಳಿ."

ಶಂಕರಲಿಂಗ ಗಾಬರಿಯಿಂದ ಸಾಹೇಬರತ್ತ ತಿರುಗಿದ. ಅವರು ಕನ್ನಡಕ ಏರಿಸಿ, ಪತ್ರಿಕೆಯ ತಳದಲ್ಲಿ ಸಣ್ಣಗಿದ್ದ ತಮ್ಮ ಪ್ರೆಸ್ಸಿನ ಹೆಸರನ್ನೇ ದಿಟ್ಟಿಸುತ್ತಿದ್ದರು.

"ಹಿರೇರು ಹೇಳಾಕತ್ತಾರ, ಎಳಿಯಪ್ಪಾ. ಹಂಗೇ ಕೆಳಗ ನಮ್ದೂ ಒಂಚೂರು..."

"ಎಳೀತೀನ್ರಿ," ಶಂಕರಲಿಂಗ ಹಲ್ಲು ಕಡಿದ. "ಮೊದಲ ಆ ಸೀಸದ ಮೊಳಿ ಯಾವ ಗುಜರಿಯವಗ ಮಾರೀರಿ, ಅದನ್ನ ಹೇಳ್ರಿ. ನಾಳೆ ಮುಂಜಾನೆ ನಾನೇ ಹೋಗಿ ಹೊತ್ಕೊಂಡು ಬರ್ತೀನಿ!"